ಬೆಂಗಳೂರಿನ ಕೈತಪ್ಪಿದ್ದು ನಿಜವಾಗಿ ನೊಬೆಲ್ಲಾ?

ಹೋದ ವಾರದ ವಿಡಿಯೊದ ಬರಹರೂಪ ಇದು. ಮಾತಿನಲ್ಲಿ ಓಡಿಸಿಬಿಟ್ಟಿದ್ದ ಒಂದೆರಡು ಕಡೆ ಇಲ್ಲಿ ಸ್ವಲ್ಪ ನಿಧಾನ ಮಾಡಿದ್ದೇನೆ.

ನಮ್ಮ ಥಾಣೆ ಕಡೆಯ ಕನ್ನಡ ಗ್ರೂಪುಗಳಲ್ಲಿ ರಾಜ್ಯೋತ್ಸವ ಬಂತೆಂದರೆ ಒಂದು ಫಾರ್ವರ್ಡ್ ಸುತ್ತುತ್ತದೆ: ಸಿ.ಎನ್.ಆರ್. ರಾವ್ ಅವರ ಲ್ಯಾಬಿನಲ್ಲಿ ಸೂಪರ್‌ಕಂಡಕ್ಟರ್ ಮೊದಲೇ ಇತ್ತು, ಬೆಂಗಳೂರಿಗೆ ಬರಬೇಕಿದ್ದ ನೊಬೆಲ್ ಸ್ವಿಟ್ಜರ್ಲೆಂಡಿಗೆ ಹೋಯ್ತು ಅಂತ. ಅಭಿಮಾನದಿಂದಲೇ ಕಳಿಸ್ತಾರೆ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಅರ್ಧ ನಿಜ, ಅರ್ಧ ಗಾಳಿ. ಆ ಗಾಳಿ ಬೆಂಗಳೂರಿನವರು ನಿಜಕ್ಕೂ ಮಾಡಿದ ಕೆಲಸವನ್ನೇ ಮುಚ್ಚಿಹಾಕುತ್ತೆ ಅನ್ನೋದು ನನ್ನ ತಕರಾರು. ನಾನು ಕೋಡು ಬರೆದು ಹೊಟ್ಟೆ ಹೊರೆಯುವವನು. ಎಂಟೆಕ್‌ನಲ್ಲಿ ಓದಿದ ಸಾಲಿಡ್ ಸ್ಟೇಟ್ ಫಿಸಿಕ್ಸ್ ಮಾತ್ರ ಯಾಕೋ ತಲೆಯಿಂದ ಇಳಿದಿಲ್ಲ.

ಮೊದಲು ಎಲೆಕ್ಟ್ರಾನ್. ತಾಮ್ರದ ತಂತಿಯೊಳಗೆ ಪರಮಾಣುಗಳು ಒತ್ತೊತ್ತಾಗಿ ನಿಂತಿರುತ್ತವೆ. ಎಲೆಕ್ಟ್ರಾನ್ ಬರೀ ಗೋಲಿಯಾಗಿದ್ದರೆ ಹೆಜ್ಜೆಹೆಜ್ಜೆಗೂ ಡಿಕ್ಕಿ ಹೊಡೆಯಬೇಕಿತ್ತು. 1928ರಲ್ಲಿ ಲೈಪ್ಜಿಗ್‌ನಲ್ಲಿ ಹೈಸನ್‌ಬರ್ಗ್ ಕೈಕೆಳಗೆ ಓದುತ್ತಿದ್ದ ಫೆಲಿಕ್ಸ್ ಬ್ಲಾಕ್ ಎಂಬ 22ರ ಹುಡುಗ ಲೆಕ್ಕ ಹಾಕಿ ತೋರಿಸಿದ್ದು ಬೇರೆಯೇ. ಎಲೆಕ್ಟ್ರಾನ್ ಒಂದು ಅಲೆ. ಪರಮಾಣುಗಳು ಒಂದೇ ಅಳತೆಯ ಅಂತರದಲ್ಲಿ ಸಾಲಾಗಿದ್ದರೆ ಆ ಅಲೆಗೆ ಅವು ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ಸಾಲು ತಪ್ಪಿದ ಜಾಗ: ಎಲ್ಲೋ ಸೇರಿಕೊಂಡ ಕಲ್ಮಶ, ಬಿಸಿಗೆ ಅಲುಗಾಡುವ ಪರಮಾಣು. ಘೋಡಬಂದರ್ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತೆ. ಅಳೆದು ಹಾಕಿದ ಹಂಪುಗಳಿಗೆ ಹೇಗೋ ಒಗ್ಗಿಕೊಳ್ಳಬಹುದು. ಮಳೆಗಾಲದಲ್ಲಿ ಎಲ್ಲಿ ಬರುತ್ತೋ ಗೊತ್ತಾಗದ ಗುಂಡಿಯೇ ಸೊಂಟ ಮುರಿಯೋದು.

ಇನ್ನು ಸೂಪರ್‌ಕಂಡಕ್ಟರ್. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ, ಅಂದ್ರೆ ಸೊನ್ನೆ ಡಿಗ್ರಿಗಿಂತ 269 ಡಿಗ್ರಿ ಕೆಳಕ್ಕೆ ಇಳಿಸಿದಾಗ ರೆಸಿಸ್ಟೆನ್ಸ್ ಇದ್ದಕ್ಕಿದ್ದಂತೆ ಮಾಯವಾಯಿತು. ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 1957ರಲ್ಲಿ, ಬಾರ್ಡೀನ್, ಕೂಪರ್, ಶ್ರೀಫರ್ ಅವರಿಂದ. ಹರಳಿನ ನಡುಕವನ್ನೇ ಮಧ್ಯಸ್ಥನಾಗಿ ಇಟ್ಟುಕೊಂಡು ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಜೋಡಿಗಳೆಲ್ಲ ಸೇರಿ ಒಂದೇ ಅಲೆಯಂತೆ ಸಾಗುತ್ತವೆ. ಸಣ್ಣಪುಟ್ಟ ಗುಂಡಿಗೆ ಅದು ಜಗ್ಗಲ್ಲ. ಆದರೆ ಶಾಖ ಸ್ವಲ್ಪ ಏರಿದರೂ ಜೋಡಿ ಒಡೆಯುತ್ತದೆ. 1973ರಲ್ಲಿ 23 ಕೆಲ್ವಿನ್ ತಲುಪಿದ ದಾಖಲೆ ಮುಂದಿನ 13 ವರ್ಷ ಅಲ್ಲಾಡಲಿಲ್ಲ.

ಈಗ ಬೆಂಗಳೂರು. ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯ, ಬನಾರಸ್, ಪರ್ಡ್ಯೂಗಳಲ್ಲಿ ಓದಿ, ಐಐಟಿ ಕಾನ್ಪುರದಲ್ಲಿ ಪಾಠ ಹೇಳಿದ್ದ ರಾವ್ 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಬಂದರು. ಅವರ ಆಸಕ್ತಿ ಲೋಹದ ಆಕ್ಸೈಡುಗಳಲ್ಲಿ. 1984ರಲ್ಲಿ ಪಿ. ಗಂಗೂಲಿ ಜೊತೆ ಪದರಪದರವಾಗಿರುವ ಆಕ್ಸೈಡುಗಳ ಮೇಲೆ ದೊಡ್ಡ ಲೇಖನ ಬರೆದರು. ಆ ಬಳಗದಲ್ಲಿ ಒಂದು ಲ್ಯಾಂಥನಂ ತಾಮ್ರದ ಆಕ್ಸೈಡು. ಫಾರ್ವರ್ಡಿನ ನಿಜದ ಅರ್ಧ ಇದು.

ಗಾಳಿಯ ಅರ್ಧ ಎಲ್ಲಿದೆ ನೋಡಿ. ಬ್ಲಾಕ್ ದಾರಿಯಲ್ಲಿ ಲೆಕ್ಕ ಹಾಕಿದರೆ ಈ ಆಕ್ಸೈಡು ಲೋಹದಂತೆ ವಿದ್ಯುತ್ ಹರಿಸಬೇಕು. ಹರಿಸಲ್ಲ! ಕಾರಣ, ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ. ಪ್ರತಿ ತಾಮ್ರದ ಮೇಲೂ ಒಬ್ಬೊಬ್ಬರು ಕೂತಿದ್ದಾರೆ. ಪಕ್ಕದ ಸೀಟಿಗೆ ಜಿಗಿಯೋಣ ಅಂದರೆ ಅಲ್ಲೂ ಒಬ್ಬ. ಸಂಜೆ ಏಳಕ್ಕೆ ಕಾಪೂರಬಾವಡಿ ದಾಟಿದ ಮೇಲಿನ ಜಾಮ್ ನೆನಪಿಸಿಕೊಳ್ಳಿ: ರಸ್ತೆ ಇದೆ, ಗಾಡಿ ಇದೆ, ಚಲನೆ ಇಲ್ಲ. ಸರಿಯಾದ ಪ್ರಮಾಣದಲ್ಲಿ ತಯಾರಾದ ಶುದ್ಧ ಲ್ಯಾಂಥನಂ ತಾಮ್ರದ ಆಕ್ಸೈಡನ್ನು ಎಷ್ಟೇ ತಣಿಸಿ, ಅದು ಸೂಪರ್‌ಕಂಡಕ್ಟರ್ ಆಗಲ್ಲ. ನಡುವಿನಿಂದ ಕೆಲವು ಗಾಡಿ ತೆಗೆಯಬೇಕು. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಲ್ಯಾಬಿನ ಬೆಡ್ನಾರ್ಜ್ ಮತ್ತು ಮುಲ್ಲರ್ ಅವರಿಂದ ಆದದ್ದು ಅದು: ಕೆಲವು ಲ್ಯಾಂಥನಂ ಜಾಗಕ್ಕೆ ಬೇರಿಯಂ. ಬೇರಿಯಂ ಒಂದು ಎಲೆಕ್ಟ್ರಾನ್ ಕಡಿಮೆ ಕೊಡುತ್ತದೆ, ಜಾಮ್ ಸಡಿಲವಾಗುತ್ತದೆ. ಸುಮಾರು 35 ಕೆಲ್ವಿನ್‌ನಿಂದಲೇ ರೆಸಿಸ್ಟೆನ್ಸ್ ಕುಸಿಯತೊಡಗಿತು.

ಕೈತಪ್ಪಿತು ಅಂತ ಯಾರಾದರೂ ಹೇಳಿಕೊಳ್ಳಬಹುದಾದರೆ ಅದು ಫ್ರಾನ್ಸಿನ ಕಾನ್ ಊರಿನವರು. ಬೇರಿಯಂ ಬೆರೆಸಿದ ಇಂಥ ಆಕ್ಸೈಡನ್ನು ಮೊದಲೇ ಮಾಡಿ ಪ್ರಕಟಿಸಿದ್ದರು, ಆದರೆ ಅಷ್ಟು ತಂಪಿಗೆ ಇಳಿಸಿ ಅಳೆದಿರಲಿಲ್ಲ. ಬೆಡ್ನಾರ್ಜ್ ಕಣ್ಣಿಗೆ ಬಿದ್ದದ್ದು ಅವರದೇ ಲೇಖನ. ಅಲ್ಲಿನ ಮುಖ್ಯಸ್ಥರ ಹೆಸರು ರಾವೋ. ಫಾರ್ವರ್ಡ್ ಹುಟ್ಟಿದ್ದು ಈ ಹೆಸರಿನ ಗಲಿಬಿಲಿಯಿಂದಲೋ ಏನೋ, ಅಂತ ನನಗೆ ತಮಾಷೆಯ ಗುಮಾನಿ.

ಬೆಂಗಳೂರಿನ ನಿಜವಾದ ಆಟ 1987ರದ್ದು. ಆ ಮಾರ್ಚಿನಲ್ಲಿ ಅಮೆರಿಕದ ವೂ, ಚೂ ತಂಡಗಳು ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ 93 ಕೆಲ್ವಿನ್ ಪ್ರಕಟಿಸಿದವು. ದ್ರವ ಸಾರಜನಕ ಕುದಿಯುವುದು 77ರಲ್ಲಿ. ಅಂದ್ರೆ ದುಬಾರಿ ಹೀಲಿಯಂ ಬೇಕಿಲ್ಲ. ಮಾರ್ಚ್ 18ರ ರಾತ್ರಿ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಭೌತವಿಜ್ಞಾನಿಗಳು ಬೆಳಗಿನ ಜಾವ ಮೂರರ ತನಕ ಕೂತು ಕೇಳಿದರು. ಆದರೆ ಮೊದಲ ವರದಿಯ ಮಾದರಿ ಒಂದು ಕಲಬೆರಕೆ, ಸ್ವಲ್ಪ ಹಸಿರು ಪುಡಿ, ಸ್ವಲ್ಪ ಕಪ್ಪು. ಕೆಲಸ ಮಾಡುತ್ತಿರುವುದು ಯಾವುದು? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೋಗ್ರಾಂ ಓಡ್ತಿದೆ, ಯಾವ ಸಾಲಿನಿಂದ ಓಡ್ತಿದೆ ಗೊತ್ತಿಲ್ಲ.

ಇಲ್ಲಿ ಹತ್ತು ವರ್ಷದ ಆಕ್ಸೈಡ್ ಕೆಲಸ ಕೈಹಿಡಿಯಿತು. ಯಿಟ್ರಿಯಂ ಚಿಕ್ಕದು, ಲ್ಯಾಂಥನಂನ ಹಳೇ ರಚನೆಯಲ್ಲಿ ಕೂರಲ್ಲ ಅಂತ ರಾವ್ ತಂಡಕ್ಕೆ ಗೊತ್ತಿತ್ತು. ಹಾಗಾಗಿ ಅವರು ಬೇರೆ ರಚನೆಯ ಕುಟುಂಬ ಹಿಡಿದು, ಯಿಟ್ರಿಯಂ ಮತ್ತು ಬೇರಿಯಂ ಪಾಲನ್ನು ಬದಲಿಸುತ್ತಾ ಹೋದರು. ಒಂದು ಯಿಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರ ಅನ್ನುವಲ್ಲಿಗೆ ಬಂದು ನಿಂತರು. ರಾವ್, ಗಂಗೂಲಿ, ರಾಯ್‌ಚೌಧರಿ, ಮೋಹನ್ ರಾಮ್, ಶ್ರೀಧರ್, ಈ ಐವರ ಲೇಖನ ಏಪ್ರಿಲ್ ಮುಗಿಯುವುದರೊಳಗೆ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವಾರಗಳಲ್ಲಿ ಅಮೆರಿಕದ ಬೆಲ್ ಲ್ಯಾಬ್ ಮುಂತಾದವರೂ ಅದೇ ಕಪ್ಪು ಪದಾರ್ಥಕ್ಕೆ ಬಂದಿದ್ದರು, ಅದನ್ನೂ ಹೇಳಬೇಕು. ಹಾಗಿದ್ದರೂ ಜಗತ್ತಿನ ದೊಡ್ಡ ಲ್ಯಾಬುಗಳ ಜೊತೆ ಹೆಗಲಿಗೆ ಹೆಗಲು ಕೊಟ್ಟು ಓಡಿದ್ದು ಮಲ್ಲೇಶ್ವರದ ಪಕ್ಕದ ಒಂದು ಕೆಮಿಸ್ಟ್ರಿ ಲ್ಯಾಬು. 'ಪಾಪ, ನೊಬೆಲ್ ಹೋಯ್ತು' ಅನ್ನುವ ಮರುಕ ಇದನ್ನು ಹೇಳೋದೇ ಇಲ್ಲ. ಅದೇ ಅಕ್ಟೋಬರಿನಲ್ಲಿ ನೊಬೆಲ್ ಬೆಡ್ನಾರ್ಜ್, ಮುಲ್ಲರ್‌ಗೆ ಹೋಯಿತು. ನನ್ನ ಪ್ರಕಾರ ಸರಿಯಾಗಿಯೇ ಹೋಯಿತು.

ಈ ತಾಮ್ರದ ಆಕ್ಸೈಡುಗಳಲ್ಲಿ ಜೋಡಿ ಕೂಡಿಸುವ ಮಧ್ಯಸ್ಥ ಯಾರು ಅನ್ನೋದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. 1957ರ ಲೆಕ್ಕ ಇಲ್ಲಿ ಸಾಲದು.

ಅದು ಸಾಲದ ಇನ್ನೊಂದು ಪದಾರ್ಥ ನಮ್ಮ ಲೋಕಲ್ ಟ್ರೇನಿನ ದಾರಿಯಲ್ಲೇ ಇದೆ. ಕೊಲಾಬಾದ ಟಿಐಎಫ್ಆರ್‌ನಲ್ಲಿ ಎಸ್. ರಾಮಕೃಷ್ಣನ್ ತಂಡ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದು: ಬಿಸ್ಮತ್ ಹರಳು 0.00053 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ಬಿಸ್ಮತ್‌ನಲ್ಲಿ ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದೇ ಒಂದು ಓಡಾಡುವ ಎಲೆಕ್ಟ್ರಾನ್. ಜಾಮ್‌ಗೆ ತದ್ವಿರುದ್ಧ, ಖಾಲಿ ರಸ್ತೆ. ಭೂಮಿಯ ಕಾಂತಕ್ಷೇತ್ರದ ಎಂಟನೇ ಒಂದು ಪಾಲು ತಾಗಿದರೂ ಅದು ಕೆಡುತ್ತದೆ, ಹಾಗಾಗಿ ಭೂಮಿಯ ಕಾಂತತ್ವವನ್ನೂ ಮರೆಮಾಡಿ ಅಳೆಯಬೇಕಾಯಿತು. ಅಷ್ಟು ತಂಪು ಮಾಡಿದ್ದು ಹೇಗೆ ಅನ್ನೋದು ಮುಂದಿನ ವಿಡಿಯೊದಲ್ಲಿ.