ಚೀಟಿಯ ಬೆನ್ನಿನ ಬೆಲೆ

ಅಂಚೆಯ ಹಾಸಲನ್ನು ಪತ್ರ ಪಡೆಯುವವನಿಂದ ವಸೂಲು ಮಾಡುವ ಬದಲು, ಬೆನ್ನಿಗೆ ಅಂಟು ಬಳಿದ ಪುಟ್ಟ ಕಾಗದದ ತುಣುಕೊಂದರ ಮೂಲಕ ಕಳುಹಿಸುವವನಿಂದಲೇ ಮುಂಗಡವಾಗಿ ಪಡೆಯಬಹುದೆಂದು ಇಂಗ್ಲೆಂಡಿನ ರೋಲೆಂಡ್ ಹಿಲ್ 1837ರಲ್ಲಿ ಸೂಚಿಸಿದಾಗ, ಆ ಅಂಟಿನಿಂದ ಲೋಕವು ಬಯಸಿದ್ದು ಒಂದೇ ಕಾರ್ಯ: ಚೀಟಿಯು ಲಕೋಟೆಯನ್ನು ಬಿಟ್ಟು ಕದಲಬಾರದು. 1840ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಪೆನ್ನಿ ಬ್ಲ್ಯಾಕ್ ಚೀಟಿಗೆ ಆಲೂಗೆಡ್ಡೆಯ ಪಿಷ್ಟದ ಅಂಟನ್ನು ಬಳಿದವರಿಗಾಗಲಿ, ಅದನ್ನು ನಾಲಗೆಗೆ ತಾಗಿಸಿ ಮುಖ ಸಿಂಡರಿಸಿದವರಿಗಾಗಲಿ, ಆ ಲೇಪವು ನಾಲಗೆಯನ್ನೇ ಕಾಣದೆ ಉಳಿಯುವುದು ಮುಂದೊಂದು ಕಾಲಕ್ಕೆ ಸಂಪತ್ತೆನಿಸೀತೆಂಬ ಕಲ್ಪನೆ ಇದ್ದಿರಲಾರದು.

ಅಂಥ ಕಾಲವು ಬಂದಿದೆ. ಬೆಂಗಳೂರಿನ ರಾಜಾಜಿನಗರದಲ್ಲೊ ವಿಜಯನಗರದಲ್ಲೊ ತಾತನವರ ಕಾಲದ ಆಲ್ಬಂ ಒಂದು ಬೀರುವಿನಿಂದ ಹೊರಬಂದು ಬಲ್ಲವರ ಕೈ ಸೇರಿದಾಗ, ಅವರು ಚಿತ್ರವನ್ನು ಕ್ಷಣಮಾತ್ರ ನೋಡಿ, ಚೀಟಿಯನ್ನು ಚಿಮುಟದಿಂದೆತ್ತಿ ಹೊರಳಿಸಿ, ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ಪರೀಕ್ಷಿಸುತ್ತಾರೆ. ಅಂಟು ಅಖಂಡವಾಗಿ ಹೊಳೆದರೆ ಒಂದು ಬೆಲೆ, ಹಿಂಜ್ ಎಂಬ ಕಾಗದದ ಮಡಿಕೆಯನ್ನು ಹಚ್ಚಿ ತೆಗೆದ ಕಲೆಯಿದ್ದರೆ ಅದಕ್ಕಿಂತ ಕಡಿಮೆ, ಅಂಟೇ ಇಲ್ಲದಿದ್ದರೆ ಇನ್ನೂ ಕಡಿಮೆ. ಮುಖದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದ ಎರಡು ಚೀಟಿಗಳ ನಡುವೆ ಈ ತಾರತಮ್ಯವು ಹೇಗೆ ಹುಟ್ಟಿತೆಂಬುದು ವಿಚಾರಣೀಯ.

ನಮ್ಮ ನಾಡಿನ ಅಂಚೆಗೆ ಮೊದಲಲ್ಲಿ ಈ ಚಿಂತೆಯೇ ಇರಲಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದರೆಂದು ಹೇಳುವ ಮೈಸೂರು ಅಂಚೆಯು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೂ, ತನ್ನ ಹೆಸರಿನ ಚೀಟಿಯನ್ನು ಹೊರಡಿಸಲಿಲ್ಲ. ಬೀದರ್, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರಿಗಾದರೊ 1869ರಿಂದ ಹೈದರಾಬಾದು ನಿಜಾಮರ ಚೀಟಿಗಳ ಪರಿಚಯವಿದ್ದಿತು. ಬ್ರಿಟಿಷ್ ಇಂಡಿಯಾದ ಚೀಟಿಗಳು 1854ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದುವಾದರೂ, ಬೇಗನೆ ಆ ಕಾರ್ಯವು ಲಂಡನ್ನಿನ ಡಿ ಲಾ ರೂ ಸಂಸ್ಥೆಯ ವಶವಾಗಿ, 1926ರಲ್ಲಿ ನಾಸಿಕದ ಮುದ್ರಣಾಲಯವು ಕೆಲಸಕ್ಕೆ ತೊಡಗುವವರೆಗೂ ಸುಮಾರು 70 ವರ್ಷ ಅಲ್ಲಿಯೇ ನಡೆಯಿತು. ಗಾಳಿಯ ತೇವವನ್ನು ಹೀರಿಕೊಳ್ಳುವುದು ಗೋಂದಿನ ಸಹಜಗುಣವಾದುದರಿಂದ, ಕಡಲು ದಾಟಿ ಬಂದ ಹಾಳೆಗಳು ನಮ್ಮ ಮಳೆಗಾಲದಲ್ಲಿ ಒಂದಕ್ಕೊಂದು ಮೆತ್ತಿಕೊಳ್ಳುವುದೂ, ಬೇಸಗೆಯಲ್ಲಿ ಒಣಗಿ ಸುರುಳಿಯಾಗುವುದೂ ಅನಿವಾರ್ಯವಾಗಿದ್ದಿತು. ಚೀಟಿಯ ಸ್ವಂತ ಅಂಟಿನಲ್ಲಿ ಜನರಿಗಿದ್ದ ವಿಶ್ವಾಸವೆಷ್ಟೆಂಬುದನ್ನು ತಿಳಿಯಲು ಅಂಚೆ ಕಚೇರಿಯ ಮೇಜಿನ ಅಂಟಿನ ಡಬ್ಬಿಯನ್ನು ನೆನೆದರೆ ಸಾಕು: ಬಾಯಿಯ ಸುತ್ತ ಅಂಟು ಹೆಪ್ಪುಗಟ್ಟಿ, ಒಳಗೊಂದು ಕಡ್ಡಿ ನೆಟ್ಟಗೆ ನಿಂತು, ಬಂದವರ ಬೆರಳುಗಳ ಗುರುತನ್ನೆಲ್ಲ ಮೈಮೇಲೆ ಹೊತ್ತ ಡಬ್ಬಿ ಅದು.

ಸಂಗ್ರಾಹಕರೂ ಮೊದಮೊದಲು ಬೆನ್ನನ್ನು ಗಣಿಸಿದವರಲ್ಲ. ಆದಿಯಲ್ಲಿ ಚೀಟಿಯನ್ನು ನೇರವಾಗಿ ಪುಸ್ತಕಕ್ಕೇ ಅಂಟಿಸುತ್ತಿದ್ದರು. ಅದರಿಂದ ಕಾಗದ ಹರಿಯುವುದನ್ನು ಕಂಡು, ಒಂದು ಮುಖಕ್ಕೆ ಗೋಂದು ಬಳಿದ ತೆಳುಕಾಗದದ ಮಡಿಕೆಯನ್ನು, ಅಂದರೆ ಹಿಂಜನ್ನು, ಬಳಸತೊಡಗಿದರು. ಅದು ಆ ಕಾಲದ ಸದಾಚಾರವೇ ಆಗಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ, ಹಿಂದೆ ಕಪ್ಪು ಹಾಳೆ, ಮುಂದೆ ಪಾರದರ್ಶಕ ಪೊರೆ ಇರುವ ಪುಟ್ಟ ಚೀಲಗಳು ಜರ್ಮನಿಯಿಂದ ಹೊರಟು ಲೋಕದಲ್ಲೆಲ್ಲ ಹರಡಿದ ಮೇಲೆ, ಚೀಟಿಯನ್ನು ಏನನ್ನೂ ತಾಗಿಸದೆ ಇರಿಸುವುದು ಸಾಧ್ಯವಾಯಿತು. ಸಾಧ್ಯವಾದದ್ದು ಕ್ರಮೇಣ ಕರ್ತವ್ಯವೆನಿಸಿತು. ಜರ್ಮನಿಯ ಮಿಷೆಲ್ ಬೆಲೆಸೂಚಿಯು ಹಿಂಜ್ ಕಾಣದ ಚೀಟಿಗೆ ಎರಡು ನಕ್ಷತ್ರವನ್ನೂ, ಕಂಡದ್ದಕ್ಕೆ ಒಂದನ್ನೂ ಇಡುತ್ತದೆ. ಸ್ಟ್ಯಾನ್ಲಿ ಗಿಬನ್ಸ್ ಸೂಚಿಯು ಐದನೆಯ ಜಾರ್ಜ್ ದೊರೆಯ ಕಾಲದವರೆಗಿನ ಚೀಟಿಗಳಿಗೆ ಹಿಂಜ್ ಗುರುತನ್ನು ಕ್ಷಮಿಸಿ, 1936ರ ಅನಂತರದವುಗಳಿಗೆ ಕ್ಷಮಿಸದೆ ಬೆಲೆ ಕಟ್ಟುತ್ತದೆ. ನಮ್ಮ ಸಂಗ್ರಾಹಕರ ಬಾಯಲ್ಲಿ ಇಂದು ಸಲೀಸಾಗಿ ಬರುವ ‘ಎಂ.ಎನ್.ಎಚ್.’ (ಮಿಂಟ್ ನೆವರ್ ಹಿಂಜ್ಡ್, ಎಂದೂ ಹಿಂಜ್ ಕಾಣದ್ದು) ಎಂಬ ಮೂರಕ್ಷರದ ಬಿರುದು ಈ ರೂಢಿಯ ಫಲ.

ಇದರ ಪೆಟ್ಟು ಬಿದ್ದದ್ದು ನಡುವಣ ತಲೆಮಾರಿನ ಸಂಗ್ರಹಗಳಿಗೆ. 1948ರ ಆಗಸ್ಟ್ 15ರಂದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಿಂದ ಬಂದ ನಾಲ್ಕು ಗಾಂಧಿ ಚೀಟಿಗಳಲ್ಲಿ ಕಡೆಯದರ ಮುಖಬೆಲೆ 10 ರೂಪಾಯಿ. ಅಂದಿನ ಗುಮಾಸ್ತನ ಸಂಸಾರಕ್ಕೆ ಅದು ಹಗುರವಾದ ಹಣವಲ್ಲ. 1949ರ ಆರಾಣೆಯ ಬಿಜಾಪುರದ ಗೋಲಗುಮ್ಮಟ, ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ 1960ರ ಸೆಪ್ಟೆಂಬರ್ 15ರಂದು ಹೊರಬಂದ ಅವರ ಶತಮಾನೋತ್ಸವದ ಚೀಟಿ, 1967ರ ಬಸವೇಶ್ವರ ಚೀಟಿ, ಇವನ್ನೆಲ್ಲ ಅಭಿಮಾನದಿಂದ ಕೊಂಡವರು ಹಿಂಜ್ ಹಚ್ಚಿ ಅಂದವಾಗಿ ಸಾಲುಗೂಡಿಸಿದರು. ಅವರದು ಅಸಡ್ಡೆಯಲ್ಲ, ಅವರ ಕಾಲವು ಕಲಿಸಿದ ಜೋಪಾನ.

ಎಲ್ಲಿ ಬೆಲೆಯೋ ಅಲ್ಲಿ ಕಪಟವೂ ಉಂಟು. ಕಲೆ ಬಿದ್ದ ಅಂಟನ್ನು ತೊಳೆದು ಹೊಸದಾಗಿ ಬಳಿಯುವ ಕಸುಬು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದನ್ನು ಹಿಡಿಯಬೇಕಾದರೆ ಚೀಟಿಯ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮುದ್ರಣಾಲಯದಲ್ಲಿ ಅಂಟು ಬಳಿದ ತರುವಾಯವೇ ರಂಧ್ರ ಹಾಕುವುದರಿಂದ, ಹರಿದ ತುದಿಯಲ್ಲಿ ಕಾಗದದ ನಾರುಗಳು ಬಿಡಿಬಿಡಿಯಾಗಿ ಮೃದುವಾಗಿರುತ್ತವೆ. ರಂಧ್ರವಾದ ಮೇಲೆ ಬಳಿದ ಅಂಟಾದರೊ ಆ ನಾರುಗಳೊಳಕ್ಕೆ ಇಳಿದು ಗಟ್ಟಿಯಾಗಿ, ಹಲ್ಲುಗಳನ್ನು ಬೆರಳಿಗೆ ಚುಚ್ಚುವಂತೆ ಬಿರುಸಾಗಿಸುತ್ತದೆ.

ಅಂಟು ಸ್ವತಃ ಪೂಜ್ಯವೂ ಅಲ್ಲ. 1935ರಲ್ಲಿ ಕೊನಿಗ್ಸ್‌ಬರ್ಗ್‌ನ ಪ್ರದರ್ಶನಕ್ಕಾಗಿ ಜರ್ಮನಿಯು ಹೊರಡಿಸಿದ ‘ಓಸ್ಟ್ರೋಪಾ’ ಹಾಳೆಯ ಅಂಟಿನಲ್ಲಿ ಗಂಧಕಾಮ್ಲವಿದ್ದು, ಅದು ಕಾಗದವನ್ನೇ ತಿನ್ನತೊಡಗಿದುದರಿಂದ, ಹಾಳೆ ಉಳಿಯಬೇಕೆಂಬವರು ಅದನ್ನು ತೊಳೆದುಹಾಕುವುದೇ ವಿವೇಕವೆನಿಸಿತು. ಅದೇ ವರ್ಷ ಅಮೆರಿಕದ ಅಂಚೆಯು ತನ್ನ ವಿಶೇಷ ಮುದ್ರಣಗಳನ್ನು ಅಂಟಿಲ್ಲದೆಯೇ ಮಾರಿತು. ಚೀನಾ ಜನತಾ ಗಣರಾಜ್ಯದ ಆರಂಭಕಾಲದ ಬಹುಪಾಲು ಚೀಟಿಗಳಿಗೂ ಅಂಟಿಲ್ಲ. ಅಂಥ ಚೀನೀ ಚೀಟಿಯ ಬೆನ್ನಿನಲ್ಲಿ ಅಂಟು ಕಂಡರೆ ಅದೇ ದೋಷ! ಚೀಟಿಯು ಅಚ್ಚಿನಿಂದ ಹೊರಟಂತೆಯೇ ಉಳಿದಿದೆ ಎಂಬುದಕ್ಕೆ ಅಂಟು ಒಂದು ಸಾಕ್ಷಿ; ಬೆಲೆಯು ಆ ಸಾಕ್ಷ್ಯಕ್ಕೆ ಸಲ್ಲುವುದಲ್ಲದೆ ಗೋಂದಿಗಲ್ಲ.

ಉಪಯೋಗಕ್ಕೆಂದು ಇಟ್ಟ ಗುಣವನ್ನು ಉಪಯೋಗಿಸದೆ ಕಾಯುವ ಈ ವಿಚಿತ್ರ ವ್ರತವು ಅಂಟಿಗೆ ಮಾತ್ರ ಮೀಸಲಲ್ಲ. ಶ್ರೀಗಂಧದ ಪರಿಮಳವನ್ನು 2006ರ ಡಿಸೆಂಬರ್‌ನಲ್ಲಿ ನಮ್ಮ ಅಂಚೆ ಇಲಾಖೆಯು 15 ರೂಪಾಯಿಯ ಚೀಟಿಯೊಂದಕ್ಕೆ ಸೇರಿಸಿತು. ತಿಕ್ಕಿದರೆ ಪರಿಮಳ, ತಿಕ್ಕಿದ ಚೀಟಿಗೆ ಮುಖ ಸವೆಯುವ ಭಯ. ವಿಧಾನಸೌಧದ ಸನಿಹದ ಜಿ.ಪಿ.ಓ.ದ ಫಿಲಾಟೆಲಿ ವಿಭಾಗದಿಂದ ಅದನ್ನು ಕೊಂಡ ಜಾಣನು ಮೂಸದೆಯೇ ಚೀಲಕ್ಕೆ ಸೇರಿಸಿದ್ದಾನು.

ಆದುದರಿಂದ ಹಿರಿಯರ ಆಲ್ಬಂ ಕೈಗೆ ಬಂದ ಬಸವೇಶ್ವರನಗರದ ಮೊಮ್ಮಗನಾಗಲಿ ಕೆಂಗೇರಿಯ ಮೊಮ್ಮಗಳಾಗಲಿ, ಹಿಂಜ್ ಗುರುತನ್ನು ಕಂಡು ಕುಂದಬೇಕಾದುದಿಲ್ಲ. ಅದನ್ನು ನೀರಿನಿಂದ ಒರೆಸಲೂ ಹೋಗಬಾರದು. ಒರೆಸಿದರೆ ಉಳಿದ ಅಂಟೂ ಕದಡಿ, ಹಿಂಜ್ ಕಂಡ ಚೀಟಿಯು ಕೆಟ್ಟ ಚೀಟಿಯಾಗುತ್ತದೆ. ಮಳೆಗಾಲದಲ್ಲಿ ಆಲ್ಬಮುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಗಾಳಿಯಾಡುವ ಕಡೆ ಇರಿಸಿದರೆ ಸಾಕು. ಸೂಚಿಯ ಇಂದಿನ ನಿಯಮವು ಒಂದು ತಲೆಮಾರಿನ ರೂಢಿ, ಅದು ಬದಲಾಗಬಹುದು. ಕರಗಿಸಿದ ಅಂಟು ಮಾತ್ರ ಮರಳಿ ಬಾರದು.