ತೋಟಾ ಖಾಲಿ, ಹಿತ್ತಾಳೆ ಬಾಕಿ: ದೊಡ್ಡ ರೈಫಲ್‌ಗಳಿಗೆ ಅಗ್ಗದ ಕೇಸ್ ಹುಡುಕಿದ ಕಥೆ

ರೈಫಲ್ಲಿನ ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಗುಂಡು, ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಮತ್ತು ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆ ಕೇಸ್. ಒಮ್ಮೆ ಹಾರಿಸಿದರೆ ಮೊದಲ ಮೂರೂ ಮುಗಿದವು. ಕೇಸ್ ಉಳಿಯುತ್ತದೆ, ಮತ್ತು ನಾಲ್ಕರಲ್ಲಿ ಸಾಮಾನ್ಯವಾಗಿ ಅದೇ ದುಬಾರಿ. ಅದನ್ನು ಮತ್ತೆ ತುಂಬಿಸಿ ಬಳಸುವುದೇ ಹ್ಯಾಂಡ್‌ಲೋಡಿಂಗ್. ಅಮೆರಿಕ, ಆಸ್ಟ್ರೇಲಿಯ, ಯುರೋಪಿನ ಗುರಿಕಾರರಲ್ಲಿ ಇದೊಂದು ಹಳೆಯ ಹವ್ಯಾಸ. ಸಾಮಾನ್ಯ ರೈಫಲ್‌ಗಳ ಕೇಸ್ ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಆನೆ, ಕಾಟಿ, ಹುಲಿ ಬೇಟೆಯ ಕಾಲದ ದೊಡ್ಡ ಕ್ಯಾಲಿಬರ್ ರೈಫಲ್‌ಗಳ ಪಾಡು ಬೇರೆ. ನೂರು ವರ್ಷವಾದರೂ ರೈಫಲ್ ಗಟ್ಟಿಯಾಗಿದೆ, ಅದರ ಕೇಸ್ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದೆ. ಈ ಕೊರತೆಯನ್ನು ತುಂಬಿಕೊಳ್ಳಲು ನಡೆದ ಪ್ರಯತ್ನಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇಲ್ಲಿ ದುಬಾರಿಯಾದದ್ದು ಲೋಹವಲ್ಲ, ಅಚ್ಚು.

ತಗಡಿನಿಂದ ಎಳೆದ ಹಿತ್ತಾಳೆಗೆ

ಲೋಹದ ಬುಡವಿದ್ದ ತೋಟಾಕ್ಕೆ ಜೀನ್ ಸ್ಯಾಮ್ಯುಯೆಲ್ ಪಾಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು 1812ರಲ್ಲಿ. ಆದರೆ ಸೈನ್ಯಗಳು ಇನ್ನೂ ಅರ್ಧ ಶತಮಾನ ಕಾಗದದ ತೋಟಾವನ್ನೇ ನಂಬಿಕೊಂಡಿದ್ದವು. 1866ರಲ್ಲಿ ಬ್ರಿಟನ್ನಿನ ವುಲ್ವಿಚ್‌ನಲ್ಲಿ ಎಡ್ವರ್ಡ್ ಬಾಕ್ಸರ್ ಅವರು ಸ್ನೈಡರ್ ರೈಫಲ್ಲಿಗೆ ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ, ಬುಡಕ್ಕೆ ಬೇರೆ ಲೋಹದ ಬಿಲ್ಲೆ ಕೂರಿಸಿದ ಕೇಸ್ ತಂದರು. ಮಾಡುವುದು ಅಗ್ಗ, ಬಾಳಿಕೆ ಕಡಿಮೆ. ಇದೇ ಬಗೆಯ ಕೇಸ್ ಮಾರ್ಟಿನಿ-ಹೆನ್ರಿ ರೈಫಲ್ಲಿಗೂ ಬಂತು. 1880ರ ದಶಕದ ಸೂಡಾನ್ ಯುದ್ಧದಲ್ಲಿ ಬಿಸಿಗೂ ಮರಳಿಗೂ ಸಿಕ್ಕ ತಗಡು ಕೇಸ್‌ಗಳು ನಳಿಗೆಯಲ್ಲೇ ಕಚ್ಚಿಕೊಂಡು ಹೊರಬರದೆ ಸೈನಿಕರನ್ನು ಅಪಾಯಕ್ಕೆ ದೂಡಿದವು. ಆನಂತರ ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆ ಕೇಸ್ ತಗಡಿನ ಜಾಗಕ್ಕೆ ಬಂತು.

ಈ ಕೆಲಸಕ್ಕೆ ನೆಲೆನಿಂತ ಮಿಶ್ರಣ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಈ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಉಕ್ಕು, ಅಲ್ಯೂಮಿನಿಯಂ, ಪಾಲಿಮರ್ ಎಲ್ಲವನ್ನೂ ಪರೀಕ್ಷಿಸಿದ್ದಾಗಿದೆ. ಮತ್ತೆ ಮತ್ತೆ ತುಂಬಿಸಿ ಬಳಸುವವರಿಗೆ ಹಿತ್ತಾಳೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಬಾಕ್ಸರ್ ಅವರ ಇನ್ನೊಂದು ಕೊಡುಗೆ ಅವರ ಪ್ರೈಮರ್. ಅದರಲ್ಲಿ ಕಿಡಿ ಹೋಗಲು ಬುಡದ ನಡುವೆ ಒಂದೇ ರಂಧ್ರ. ಒಳಗಿನಿಂದ ಒಂದು ಕಡ್ಡಿ ತಳ್ಳಿದರೆ ಹಳೆಯ ಪ್ರೈಮರ್ ಕಳಚಿ ಬೀಳುತ್ತದೆ. ಅದೇ ಕಾಲದಲ್ಲಿ ಅಮೆರಿಕದ ಹಿರಾಮ್ ಬರ್ಡನ್ ರೂಪಿಸಿದ ಬಗೆಯಲ್ಲಿ ರಂಧ್ರಗಳು ಸಾಮಾನ್ಯವಾಗಿ ಎರಡು, ನಡುವಿನಲ್ಲಿ ಕೇಸಿನದೇ ಮೊಳೆ. ಕಡ್ಡಿ ಅಲ್ಲಿ ನುಸುಳುವುದಿಲ್ಲ. ಬ್ರಿಟಿಷನ ಪ್ರೈಮರ್ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕನ್ನನದು ಯುರೋಪಿನಲ್ಲಿ. ಮನೆಯಲ್ಲಿ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರೂರಲು ಇದೂ ಒಂದು ಕಾರಣ. 1884ರಲ್ಲಿ ಜಾನ್ ಬಾರ್ಲೋ ಅವರ ಐಡಿಯಲ್ ಕಂಪನಿ ಇದಕ್ಕಾಗಿ ಕೈಸಾಧನಗಳನ್ನು ಮಾರತೊಡಗಿತು.

ಭಾರತದ ಮಳೆ, ಭಾರತದ ಕಾನೂನು

ಹಿತ್ತಾಳೆ ಕೇಸಿನ ಚರಿತ್ರೆಗೆ ಭಾರತ ಎರಡು ಪಾಠ ಸೇರಿಸಿತು. ಮೊದಲನೆಯದು ಲೋಹದ್ದು. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಲಾಯಗಳಲ್ಲಿ ತೋಟಾ ಕೂಡಿಟ್ಟರೆ, ಒಂದು ಗುಂಡೂ ಹಾರದೆ ಕೇಸ್‌ಗಳು ತಾವಾಗಿ ಸೀಳುತ್ತಿದ್ದವು. ಕಾರಣ ಬಯಲಾದದ್ದು 1921ರಲ್ಲಿ: ಕುದುರೆ ಗಂಜಳದಿಂದ ಏಳುವ ಅಮೋನಿಯ, ಎಳೆಯುವಾಗ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಕೂಡಿದಾಗ ಹಿತ್ತಾಳೆ ಬಿರುಕು ಬಿಡುತ್ತದೆ. ಹದವಾಗಿ ಕಾಯಿಸಿ ಆ ಬಿಗಿತ ಇಳಿಸಿದರೆ ಕಾಟ ತಪ್ಪುತ್ತದೆ. ಹಳೆಯ ಕೇಸನ್ನು ಅಮೋನಿಯ ಇರುವ ದ್ರಾವಣದಲ್ಲಿ ತೊಳೆಯಬಾರದೆಂಬ ಇಂದಿನ ಎಚ್ಚರಿಕೆಯ ಹಿಂದಿರುವುದೂ ಇದೇ.

ಎರಡನೆಯದು ಸರ್ಕಾರದ ಆಜ್ಞೆ. 1898ರಲ್ಲಿ ಕೋವಿ ತಯಾರಕ ಜಾನ್ ರಿಗ್ಬಿ ಅವರ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ಬಂದು ದೊಡ್ಡ ಬೇಟೆಗೆ ಬಹುತೇಕ ಮಾನದಂಡವಾಗುವುದರಲ್ಲಿತ್ತು. ಅಷ್ಟರಲ್ಲಿ, ಬಂಡುಕೋರರ ಕೈಯಲ್ಲಿದ್ದ ಮಾರ್ಟಿನಿ-ಹೆನ್ರಿಗಳಿಗೆ ಅದೇ ಅಳತೆಯ ಗುಂಡು ಸಿಕ್ಕೀತೆಂದು ಹೆದರಿದ ಬ್ರಿಟಿಷ್ ಆಡಳಿತ 20ನೇ ಶತಮಾನದ ಮೊದಲ ದಶಕದಲ್ಲಿ ಭಾರತಕ್ಕೂ ಸೂಡಾನಿಗೂ .450 ರೈಫಲ್‌ಗಳ ಆಮದನ್ನು ನಿಷೇಧಿಸಿತು. ಕೋವಿ ತಯಾರಕರು ಸುಮ್ಮನಿರಲಿಲ್ಲ. .465, .470, .475, .476 ಎಂದು ತಲೆಗೊಂದರಂತೆ ಹೊಸ ಅಳತೆ ತಂದರು. ಬೇಟೆಗಾರನ ಮಟ್ಟಿಗೆ ಇವುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಒಂದೊಂದಕ್ಕೂ ಬೇರೆ ಕೇಸ್, ಬೇರೆ ಅಚ್ಚು. ಇಂದಿನ ಕೊರತೆಯ ಒಂದು ಪಾಲು ಅಂದಿನ ಆ ಆಜ್ಞೆಯ ಫಲ.

ಅಚ್ಚಿನ ಲೆಕ್ಕ

ಕೇಸ್ ಹುಟ್ಟುವುದು ಹಿತ್ತಾಳೆ ಬಿಲ್ಲೆಯಿಂದ. ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಒಂದಾದ ಮೇಲೊಂದು ಅಚ್ಚಿನಲ್ಲಿ ತೂರಿಸಿ ಉದ್ದಕ್ಕೆ ಎಳೆಯುತ್ತಾರೆ. ಪ್ರತಿ ಎಳೆತಕ್ಕೂ ಲೋಹ ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಮೆದು ಮಾಡಬೇಕು. ಕೊನೆಗೆ ಬುಡವನ್ನು ಭಾರೀ ಪ್ರೆಸ್‌ನಲ್ಲಿ ಜಜ್ಜಿ ಗಟ್ಟಿ ಮಾಡಿ, ಅಂಚು ಕಡೆದು, ಕುತ್ತಿಗೆ ಕಿರಿದಾಗಿಸುತ್ತಾರೆ. ಈ ಸರಣಿಯ ಅಚ್ಚುಗಳ ಖರ್ಚು ಹತ್ತು ಲಕ್ಷ ಕೇಸ್‌ಗಳ ಮೇಲೆ ಹಂಚಿದರೆ ಲೆಕ್ಕಕ್ಕೇ ಬರುವುದಿಲ್ಲ. ಕೆಲವೇ ಸಾವಿರದ ಮೇಲೆ ಹಂಚಿದರೆ ಕೈ ಸುಡುತ್ತದೆ.

ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿ, ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆ ಇರುವಷ್ಟು ಕಾಲ ಈ ಭಾರ ಹೊತ್ತಿತು. ವಸಾಹತುಗಳು ಸ್ವತಂತ್ರವಾಗಿ, ಗಿರಾಕಿ ಕರಗಿ, 1970ರ ಹೊತ್ತಿಗೆ ದೊಡ್ಡ ತೋಟಾಗಳ ತಯಾರಿಕೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಭಾರತದ ದೊಡ್ಡ ಬೇಟೆಯ ಬಾಗಿಲನ್ನೂ ಹಾಕಿತು. ಅಟ್ಟದ ಮೇಲಿದ್ದ ರೈಫಲ್‌ಗಳು ಅನಾಥವಾದವು.

ನಾಲ್ಕು ದಾರಿ

ಮೊದಲ ದಾರಿ, ಸಿಗುವ ಕೇಸನ್ನು ಬೇಕಾದ್ದಕ್ಕೆ ಬದಲಿಸಿಕೊಳ್ಳುವುದು. .416 ರಿಗ್ಬಿ 1911ರ ತೋಟಾ. ಅದರ ಮಾದರಿಯಿಂದಲೇ ಮುಂದೆ ಅಮೆರಿಕದ ವೆದರ್‌ಬಿ ಕಂಪನಿಯ ದೊಡ್ಡ ತೋಟಾಗಳು ಹುಟ್ಟಿದವು. ರಿಗ್ಬಿ ಕೇಸ್ ಸಿಗದಾದಾಗ ಹವ್ಯಾಸಿಗಳು .460 ವೆದರ್‌ಬಿ ಕೇಸಿನ ಬುಡದ ಪಟ್ಟಿಯನ್ನು ಲೇತಿನಲ್ಲಿ ಕಡೆದು ಮತ್ತೆ ರಿಗ್ಬಿ ಮಾಡಿಕೊಂಡರು. ಮಗನ ಅಂಗಿ ಕತ್ತರಿಸಿ ಅಪ್ಪನಿಗೆ ಹೊಲಿದಂತೆ. ಮಾರ್ಟಿನಿ, ಸ್ನೈಡರ್‌ಗಳಿಗೆ ಬ್ರೆಜಿಲ್‌ನ ಮ್ಯಾಗ್‌ಟೆಕ್ ಕಂಪನಿಯ 24 ಗೇಜ್ ಹಿತ್ತಾಳೆ ಶಾಟ್‌ಗನ್ ಕೇಸ್ ಒದಗಿತು. ಅಳತೆ ಎಲ್ಲ ಕಡೆಯೂ ಕೂಡಿಬರುವುದಿಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬಳಸಿದ .405 ವಿಂಚೆಸ್ಟರ್ ರೈಫಲ್ಲನ್ನು, ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರು ಬಲ್ಲರು. ಅದಕ್ಕೆ ಹೊಂದುವ ಬುಡ ಇರುವುದು .30-40 ಕ್ರಾಗ್ ಕೇಸಿಗೆ. ಆದರೆ .405ರ ಉದ್ದ 2.58 ಇಂಚು, ಕ್ರಾಗ್‌ನದು 2.31. ಕಾಲಿಂಚಿಗೂ ಹೆಚ್ಚಿನ ಆ ಕೊರತೆಯನ್ನು ಯಾವ ಅಚ್ಚೂ ತುಂಬಿಕೊಡದು.

ಎರಡನೆಯದು, ಸೈನ್ಯದ ಹಳೆಯ ಕೇಸ್. ಅಮೆರಿಕದ .50 ಬ್ರೌನಿಂಗ್ ಮೆಷಿನ್‌ಗನ್ನಿನ ಕೇಸ್‌ಗಳು ಗುಜರಿ ದರಕ್ಕೆ ಸಿಗುತ್ತಿದ್ದುದರಿಂದಲೇ 1980ರ ದಶಕದಲ್ಲಿ ಅಲ್ಲಿ .50 ಕ್ಯಾಲಿಬರ್ ಗುರಿಕಾರರ ಕೂಟಗಳು ಬೆಳೆದವು. ಮೆಷಿನ್‌ಗನ್ನಿನಲ್ಲಿ ಒಮ್ಮೆ ಹಿಗ್ಗಿದ ಹಿತ್ತಾಳೆಯನ್ನು ಅಳತೆಗೆ ತರಲು ದೊಡ್ಡ ಪ್ರೆಸ್ ಬೇಕು, ತಾಳ್ಮೆಯೂ ಬೇಕು.

ಮೂರನೆಯದು, ಸಣ್ಣ ಪ್ರಮಾಣದ ಹೊಸ ತಯಾರಿಕೆ. ಕೈನಾಕ್ ಬಿಟ್ಟ ಜಾಗಕ್ಕೆ ಅಮೆರಿಕದ ಬ್ರಾಸ್ ಎಕ್ಸ್‌ಟ್ರೂಷನ್ ಲ್ಯಾಬೊರೇಟರೀಸ್, ಆಸ್ಟ್ರೇಲಿಯದ ಬರ್ಟ್ರಮ್, ಜರ್ಮನಿಯ ರೋಮೈ ಬಂದವು. ನೈಟ್ರೋ ಎಕ್ಸ್‌ಪ್ರೆಸ್‌ಗಳಿಗೆ ಮತ್ತೆ ಜೀವ ಬಂದದ್ದು ಇವರಿಂದ. ಮುಂದೆ ಹಾರ್ನಡಿ, ನಾರ್ಮಾದಂಥ ದೊಡ್ಡ ಕಂಪನಿಗಳು .470ರಂಥ ಬೇಡಿಕೆಯ ಅಳತೆಗಳನ್ನು ಕೈಗೆತ್ತಿಕೊಂಡವು. .405 ಕೂಡ ಈ ಶತಮಾನದ ಆರಂಭದಲ್ಲಿ ಹಾರ್ನಡಿಯ ಮೂಲಕ ಮರಳಿತು.

ನಾಲ್ಕನೆಯದು, ಹಿತ್ತಾಳೆ ಸರಳನ್ನು ಲೇತಿನಲ್ಲಿ ಕಡೆದು ಕೇಸ್ ಮಾಡುವುದು. ಅಚ್ಚು ಬೇಕಿಲ್ಲ, ಯಾವ ಅಳತೆಯನ್ನೂ ಹತ್ತಿಪ್ಪತ್ತು ಮಾಡಿಕೊಡಬಹುದು. ಆದರೆ ಸರಳಿನ ಬಹುಪಾಲು ತುರಿಯಾಗಿ ಉದುರುತ್ತದೆ, ಒಂದೊಂದಕ್ಕೂ ಯಂತ್ರದ ಸಮಯ ಹೋಗುತ್ತದೆ. ಹತ್ತು ಬೇಕಾದವನಿಗೆ ಇದು ಅಗ್ಗ, ಸಾವಿರ ಬೇಕಾದವನಿಗೆ ದುಬಾರಿ.

ಬಾಳಿಕೆಯೇ ಉಳಿತಾಯ

ಕೇಸ್ ಎಷ್ಟು ಸಲ ಬಾಳುತ್ತದೆ ಎಂಬುದೂ ಬೆಲೆಯ ಲೆಕ್ಕಕ್ಕೇ ಸೇರಬೇಕು. ಹಿಗ್ಗಿ ಕುಗ್ಗಿ ಗಡುಸಾದ ಕುತ್ತಿಗೆ ಮೊದಲು ಸೀಳುತ್ತದೆ. ಅದಕ್ಕೆ ಹಳೆಯ ಉಪಾಯ: ಕೇಸ್‌ಗಳನ್ನು ತಟ್ಟೆಯ ನೀರಲ್ಲಿ ನಿಲ್ಲಿಸಿ ಕುತ್ತಿಗೆಗೆ ಮಾತ್ರ ಜ್ವಾಲೆ ಹಿಡಿದು ಮೆದು ಮಾಡುವುದು. ಹಿತ್ತಾಳೆ ಮೆದುವಾಗಲು ನೀರು ಬೇಕಾಗಿಲ್ಲ. ನೀರಿರುವುದು ಬುಡಕ್ಕೆ ಶಾಖ ತಗಲದಿರಲೆಂದು. ಬುಡ ಮೆದುವಾದರೆ ಒತ್ತಡ ತಡೆಯದೆ ಬಿಸಿ ಅನಿಲ ಹಾರಿಸುವವನ ಮುಖಕ್ಕೇ ನುಗ್ಗುತ್ತದೆ. ಇನ್ನೊಂದು ಕಾಟ ಬುಡದ ತುಸು ಮೇಲೆ, ಗೋಡೆ ತೆಳುವಾಗುವಲ್ಲಿ. ಹೊರಗೆ ಹೊಳಪಿನ ಉಂಗುರ ಕಂಡರೆ, ಬಾಗಿಸಿದ ತಂತಿಯ ತುದಿ ಒಳಗೋಡೆಯ ಗುಣಿಗೆ ಸಿಕ್ಕಿಕೊಂಡರೆ, ಆ ಕೇಸನ್ನು ಗುಜರಿಗೆ ಹಾಕುವುದೇ ಸರಿ.

ಅಳತೆಗೊಂದು ಬೇರೆ ಕೇಸ್ ಎಂಬ ಹಳೆಯ ತಪ್ಪಿನಿಂದ ಈಚಿನ ವಿನ್ಯಾಸಕಾರರು ಪಾಠ ಕಲಿತಂತಿದೆ. .338 ಲಪುವಾಕ್ಕೆ ರಿಗ್ಬಿ ಕೇಸ್, .408 ಚೈಟ್ಯಾಕ್‌ಗೆ .505 ಗಿಬ್ಸ್, .416 ಬ್ಯಾರೆಟ್‌ಗೆ .50 ಬ್ರೌನಿಂಗ್ ಮೂಲವಾದವು. ಹೊಸ ಅಳತೆಯನ್ನು ಹಳೆಯ ಬುಡದ ಮೇಲೆ ಕಟ್ಟುವುದು ಈಗ ರೂಢಿ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಹಾಗಾಗಿ ಇಲ್ಲಿ ಇದು ಬಹುಮಟ್ಟಿಗೆ ಓದಿ ತಿಳಿಯುವ ವಿಷಯ. ಹಾಗೆ ಓದಿದವರಿಗೆ ಉಳಿಯುವ ತೀರ್ಮಾನ ಇಷ್ಟು: ಕೇಸಿನ ಉದ್ದದಲ್ಲಿ, ಕುತ್ತಿಗೆಯಲ್ಲಿ, ಮರುಬಳಕೆಯಲ್ಲಿ ಹಣ ಉಳಿಸಬಹುದು. ಬುಡದಲ್ಲಿ ಉಳಿಸಲು ಹೋಗಬಾರದು.