ಕಪ್ಪು-ಬಿಳುಪಿನ ಹಿಂದೆ ಬಣ್ಣದ ಲೆಕ್ಕ

ಕಪ್ಪು-ಬಿಳುಪು ಚಿತ್ರ ತೆಗೆಯುವವರಿಗೆ ಬಣ್ಣದ ಗೊಡವೆ ಏಕೆ ಎಂದು ಯಾರಿಗಾದರೂ ಅನ್ನಿಸಬಹುದು. ಗೋಡೆ ಕೆಂಪಾಗಿರಲಿ, ಹಸಿರಾಗಿರಲಿ, ತೆರೆಯ ಮೇಲೆ ಕಾಣುವುದು ಬೂದು ಬಣ್ಣವೇ ತಾನೆ? ಆದರೆ ಆ ಬೂದು ಎಷ್ಟು ಗಾಢ, ಎಷ್ಟು ತಿಳಿ ಎಂಬುದು ಸೆಟ್ಟಿನ ಬಣ್ಣವನ್ನೇ ಅವಲಂಬಿಸಿತ್ತು. ಆ ಕಾಲದ ಕಲಾ ನಿರ್ದೇಶಕರಿಗೆ ಬಣ್ಣದ ಚಿಂತೆ ಕಡಿಮೆಯೇನೂ ಇರಲಿಲ್ಲ.

ತೊಡಕಿನ ಮೂಲ ಫಿಲ್ಮಿನಲ್ಲಿತ್ತು. ಮೂಕಿ ಚಿತ್ರಗಳ ಯುಗದಲ್ಲಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ನೀಲಿ ಮತ್ತು ಹಸಿರು ಬೆಳಕನ್ನು ಗ್ರಹಿಸುತ್ತಿತ್ತು; ಕೆಂಪಿನ ಪಾಲಿಗೆ ಅದು ಕುರುಡು. ಹೀಗಾಗಿ ಕೆಂಪು ತುಟಿ ಕಪ್ಪಾಗಿ ಮೂಡುತ್ತಿತ್ತು. ಕೆನ್ನೆಯ ಕೆಂಪು ಮಸಿ ಬಳಿದಂತೆ ತೋರುತ್ತಿತ್ತು. ನೀಲಿ ಆಕಾಶ ಬೆಳ್ಳಗಾಗಿ ಮೋಡಗಳು ಅದರಲ್ಲಿ ಕರಗಿಹೋಗುತ್ತಿದ್ದವು. ನೀಲಿ ಕಣ್ಣಿನ ನಟರ ನೋಟ ಬಿಳಿಚಿಕೊಳ್ಳುತ್ತಿತ್ತು.

ಎಲ್ಲ ಬಣ್ಣಗಳನ್ನೂ ಗ್ರಹಿಸಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಿಲ್ಮನ್ನು ಈಸ್ಟ್‌ಮನ್ ಕೊಡಕ್ ಕಂಪನಿ 1913ರಲ್ಲೇ ತಯಾರಿಸಿತ್ತಾದರೂ ಅದರ ಬೆಲೆ ದುಬಾರಿ. 1926ರಲ್ಲಿ ಬೆಲೆ ಇಳಿದ ಮೇಲೆ ಅದು ವ್ಯಾಪಕವಾಗಿ ಬಳಕೆಗೆ ಬಂತು. 1928ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಈ ಫಿಲ್ಮಿಗೆಂದೇ ಹೊಸ ಪ್ರಸಾಧನವನ್ನು ರೂಪಿಸಿದ. 1930ರ ಹೊತ್ತಿಗೆ ಹಳೆಯ ಫಿಲ್ಮು ಸ್ಟುಡಿಯೋಗಳಿಂದ ಮರೆಯಾಗಿತ್ತು.

ಆದರೂ ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ. ಹಸಿರು ಗೋಡೆಯ ಮುಂದೆ ಕೆಂಪು ಸೀರೆಯುಟ್ಟ ಹೆಂಗಸು ಕಣ್ಣಿಗೆ ಎದ್ದು ಕಾಣುತ್ತಾಳೆ. ಎರಡೂ ಬಣ್ಣಗಳ ಹೊಳಪು ಒಂದೇ ಆಗಿದ್ದರೆ ಫಿಲ್ಮಿನಲ್ಲಿ ಸೀರೆ, ಗೋಡೆ ಬೆರೆತುಹೋಗುತ್ತವೆ. ಇದನ್ನು ಮೊದಲೇ ಅರಿಯಲು ಛಾಯಾಗ್ರಾಹಕರು ಬಣ್ಣದ ಗಾಜಿನ ಮೂಲಕ ಸೆಟ್ಟನ್ನು ನೋಡುವುದಿತ್ತು. ಅಚ್ಚ ಬಿಳಿ ಬಟ್ಟೆ ಕಣ್ಣು ಕುಕ್ಕುವುದೆಂದು ಅದಕ್ಕೆ ತಿಳಿ ಬಣ್ಣ ಕಟ್ಟುವುದೂ ಇತ್ತು. 1964ರಿಂದ 1966ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಬಂದ ‘ದಿ ಆಡಮ್ಸ್ ಫ್ಯಾಮಿಲಿ’ಯ ಭೂತಬಂಗಲೆಯಂಥ ಮನೆಯ ನಡುಕೋಣೆಗೆ ಬಳಿದಿದ್ದುದು ಗುಲಾಬಿ ಬಣ್ಣ! ತೆರೆಯ ಮೇಲೆ ಅದರ ಸುಳಿವೇ ಇಲ್ಲ.

ಫಿಲ್ಮಿನ ಈ ಗುಣವನ್ನೇ ಅಸ್ತ್ರ ಮಾಡಿಕೊಂಡವರೂ ಉಂಟು. 1931ರ ‘ಡಾ. ಜೆಕಿಲ್ ಅಂಡ್ ಮಿ. ಹೈಡ್’ನಲ್ಲಿ ನಟ ಫ್ರೆಡ್ರಿಕ್ ಮಾರ್ಚ್ ಮುಖದ ಮೇಲೆ ಪ್ರೇಕ್ಷಕರ ಕಣ್ಣೆದುರೇ ಕರಿ ಗೆರೆಗಳು ಮೂಡುತ್ತವೆ. ನಡುವೆ ಎಲ್ಲೂ ಕತ್ತರಿ ಪ್ರಯೋಗವಿಲ್ಲ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಮಾಡಿದ ಉಪಾಯ ಸರಳ: ಮುಖದ ಮೇಲೆ ಕೆಂಪು ಗೆರೆಗಳನ್ನು ಮೊದಲೇ ಬರೆದಿರುತ್ತಿತ್ತು. ಕೆಂಪು ಫಿಲ್ಟರಿನಲ್ಲಿ ಅವು ಚರ್ಮದೊಡನೆ ಬೆರೆತು ಅಡಗಿರುತ್ತಿದ್ದವು. ಫಿಲ್ಟರನ್ನು ನೀಲಿ-ಹಸಿರಿನ ಕಡೆಗೆ ಜಾರಿಸಿದೊಡನೆ ಕಪ್ಪಾಗಿ ಎದ್ದು ಬರುತ್ತಿದ್ದವು. ನಿರ್ದೇಶಕ ರೂಬೆನ್ ಮಮೂಲಿಯನ್ ಈ ಗುಟ್ಟನ್ನು ಬಹುಕಾಲ ಬಿಟ್ಟುಕೊಡಲಿಲ್ಲ.

ಹಳೆಯ ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ತುಂಬುವ ಈ ಕಾಲದಲ್ಲಿ ವಿಷಯಕ್ಕೆ ಮತ್ತೆ ಮಹತ್ವ ಬಂದಿದೆ. ಕನ್ನಡದಲ್ಲಿಯೂ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣದಲ್ಲಿ ತೆರೆಕಂಡವು. ಆದರೆ ಬೂದಿನಿಂದ ಮೂಲ ಬಣ್ಣಕ್ಕೆ ಮರಳುವ ದಾರಿ ಇಲ್ಲ. ಒಂದೇ ಬೂದು ಕೆಂಪೂ ಆಗಿದ್ದೀತು, ಹಸಿರೂ ಆಗಿದ್ದೀತು. ಸೆಟ್ಟಿನ ವರ್ಣಚಿತ್ರವೋ, ಉಳಿದ ಉಡುಪೋ, ಕಂಡವರ ನೆನಪೋ ಇಲ್ಲವಾದರೆ ಹೊಸ ಬಣ್ಣ ಕೇವಲ ಊಹೆ. ಮೇಲಾಗಿ, ಅಂದಿನವರು ಬಣ್ಣಗಳನ್ನು ಆರಿಸಿದ್ದೇ ಬೂದು ಚೆನ್ನಾಗಿ ಮೂಡಲೆಂದು. ಅವರು ನಮಗಾಗಿ ಬಿಟ್ಟುಹೋದ ಚಿತ್ರ ಆ ಬೂದಿನದೇ.